ಕಾಗೆ ಮುಟ್ಟಿದ ಸುದ್ದಿ

ನನ್ನ ಕಾದಂಬರಿಗಳಲ್ಲಿ ಇದುವರೆಗೆ ಮೂವರು ಅಕ್ಕಂದಿರು ಸತ್ತಿದ್ದಾರೆ. ಕೊಂದವನು ನಾನೇ. ನಾಲ್ಕನೆಯವಳು ಎರಡು ವರ್ಷದಿಂದ ನನ್ನ ನೋಟ್‌ಬುಕ್ಕಿನಲ್ಲಿ ನಾಲೆ ಏರಿಯ ಮೇಲೆ ನಿಂತಿದ್ದಾಳೆ. ಒಮ್ಮೆ ಅವಳನ್ನು ನೀರಿಗೆ ತಳ್ಳಿಯೂ ಆಗಿತ್ತು. ಆಮೇಲೆ ಆ ಹಾಳೆಗಳನ್ನು ಹರಿದು ಹಾಕಿದೆ. ಈಗ ತಳ್ಳಲೂ ಆಗುತ್ತಿಲ್ಲ, ಮನೆಗೆ ಕರೆತರಲೂ ಆಗುತ್ತಿಲ್ಲ. ಬರೆಯಲು ಕೂತರೆ ಅವಳು ಅಲ್ಲಿಂದಲೇ ನನ್ನನ್ನು ನೋಡುತ್ತಾಳೆ.

ನಾಯಕನಾದವನು ಬೆಳಗ್ಗೆ ಎದ್ದು ಡೈರಿಗೆ ಹಾಲು ಹಾಕಿ, ಗದ್ದೆಗೆ ನೀರು ತಿರುಗಿಸಿಕೊಂಡು ಇದ್ದರೆ ಯಾವನು ಓದುತ್ತಾನೆ? ಅವನ ಕರುಳಿಗೇ ಕೈ ಹಾಕಬೇಕು. ಆಗ ಎದ್ದು ನಿಲ್ಲುತ್ತಾನೆ, ಕಥೆ ಓಡುತ್ತದೆ. ಈ ವಿದ್ಯೆಯನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನ ಸ್ವಂತ ಅಕ್ಕನ ತಲೆಗೆ ಒಂದು ಕಾಗೆ ಬಡಿಯಿತು, ಅದರಿಂದ ಕಲಿತೆ.

ಅಕ್ಕನನ್ನು ಬಿಂಡಿಗನವಿಲೆಗೆ ಕೊಟ್ಟಿತ್ತು. ಅಪ್ಪ, ಅವ್ವ ಹೋದ ಮೇಲೆ ಅವಳಿಗೆ ತವರು ಅಂತ ಉಳಿದವನು ಶ್ರೀರಂಗಪಟ್ಟಣದಲ್ಲಿ ಮೇಷ್ಟರಾಗಿದ್ದ ನಾನೊಬ್ಬನೇ. ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಒಣಗಹಾಕುತ್ತಿದ್ದವಳ ನೆತ್ತಿಗೆ ಕಾಗೆ ಬಡಿದುಕೊಂಡು ಹೋಯಿತು. ಕಾಗೆ ತಲೆ ಮುಟ್ಟಿದರೆ ಸಾವು ಹತ್ತಿರ ಬಂತು ಎನ್ನುವುದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಮದ್ದೂ ಉಂಟು. ಕಾಗೆ ಮುಟ್ಟಿಸಿಕೊಂಡವರು ಸತ್ತೇಹೋದರು ಅಂತ ಹತ್ತಿರದವರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು. ಅವರು ಮನಸಾರೆ ಅಳಬೇಕು. ಆಮೇಲೆ ನಿಜ ಹೇಳಿದರೆ, ಬಂದ ಸಾವು ಇಲ್ಲಿ ಆಗಲೇ ಕೆಲಸ ಮುಗಿದಿದೆ ಅಂದುಕೊಂಡು ವಾಪಸ್ಸು ಹೋಗುತ್ತದಂತೆ.

ಭಾವ ಫೋನು ಮಾಡಿ, “ಅಕ್ಕ ಓಗ್ಬುಟ್ಳು ಕಣಪ್ಪ, ಬೇಗ ಬಾ” ಅಂದರು. ನಾನು ಪಾಠ ನಿಲ್ಲಿಸಿ ಹೊರಗೆ ಬಂದೆ. ಆ ಗಳಿಗೆಯಲ್ಲೂ ಒಂದು ಮಾತ್ರ ಮರೆಯಲಿಲ್ಲ. ಮದುವೆಯಾದ ಹೆಣ್ಣು ಸತ್ತರೆ ಮೈಮೇಲೆ ತವರಿನ ಸೀರೆ ಬೀಳಬೇಕು, ಅಲ್ಲಿಯವರೆಗೆ ಹೆಣ ಎತ್ತುವಂತಿಲ್ಲ. ಅಂಗಡಿಗೆ ಹೋಗಿ, ಕೈಗೆ ಸಿಕ್ಕ ಹಸಿರು ಸೀರೆ ಹಿಡಿದು ನಾಗಮಂಗಲದ ಬಸ್ಸು ಹತ್ತಿದೆ. ಪಾಂಡವಪುರ ದಾಟಿದರೂ ಅಳುತ್ತಲೇ ಇದ್ದೆ. ತೊಣ್ಣೂರಿನ ಕಡೆಯ ಅಜ್ಜಿಯೊಬ್ಬರು ಪಕ್ಕದಲ್ಲಿದ್ದರು. ಕಾರಣವನ್ನೂ ಕೇಳದೆ ನನ್ನ ಬೆನ್ನು ಸವರಿ, “ಅತ್ಬುಡು ಮಗ, ಒಳಗೆ ಮಡಿಕಬ್ಯಾಡ” ಅಂದರು.

ಹೋಗಿ ನೋಡಿದರೆ ನನ್ನ ಅಕ್ಕ ಜಗಲಿಯ ಮೇಲೆ ಕೂತು ಹುರುಳಿ ಹಸನು ಮಾಡುತ್ತಿದ್ದಾಳೆ! ನನ್ನ ಮುಖ ನೋಡಿ ಮೊದಲು ನಕ್ಕಳು, ಆಮೇಲೆ ತಾನೂ ಅತ್ತಳು.

“ನೀನೇ ಅಳ್ಬೇಕಾಗಿತ್ತು ಕಣ್ಲಾ. ತವರಿನೋರು ಅತ್ರೇನೇ ದೋಸ ಓಗೋದು” ಅಂತ ಬಾಯಿಗೆ ಬೆಲ್ಲ ಹಾಕಿದಳು. ಕವರಿನಲ್ಲಿದ್ದ ಸೀರೆ ಕಂಡಿತು. “ಅಯ್, ನಿನ್ ಮನೆ ಕಾಯೋಗ! ಸೀರೆನೂ ತಂದ್ಬುಟ್ಟಿದ್ದೀಯಲ್ಲೋ!”

ನನಗೆ ಮೈಯೆಲ್ಲ ಉರಿದುಹೋಯಿತು. ಸೀರೆ ಅಲ್ಲೇ ಎಸೆದು, ಇನ್ನೊಂದು ಸಲ ಹೀಗೆ ಮಾಡಿದರೆ ನಾನು ಬರುವುದೇ ಇಲ್ಲ ಅಂತ ಕೂಗಾಡಿದೆ. ಅವಳು ಸೀರೆಯ ಮಣ್ಣು ಕೊಡವಿ ಒಳಗೆ ತೆಗೆದುಕೊಂಡು ಹೋದಳು.

ಆದರೆ ಬಸ್ಸಿನಲ್ಲಿ ಅತ್ತ ಅಳು ನನ್ನನ್ನು ಬಿಡಲಿಲ್ಲ. ಅದನ್ನೇ ಬರೆದೆ. ಕಾದಂಬರಿ ಅಂದರೆ ಸತ್ತ ಅಕ್ಕ ಜಗಲಿಯ ಮೇಲೆ ಕೂತಿರುತ್ತಾಳೆಯೇ? ನಿಜವಾಗಿಯೇ ಸಾಯಿಸಿದೆ. ಓದುಗರು ಮೆಚ್ಚಿದರು. ಎರಡನೆಯದರಲ್ಲೂ ಸಾಯಿಸಿದೆ, ಮೂರನೆಯದರಲ್ಲೂ. ಅಕ್ಕನಿಗೆ ಓದು ಬಾರದು. ಮಗಳ ಕೈಲಿ ಓದಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಮೂರನೆಯದು ಮುಗಿದಾಗ ಕೇಳಿದಳು:

“ಅಲ್ಲ ಕಣ್ಲಾ, ಅವಳು ಬದ್ಕಿದ್ರೆ ಅವನು ಏನೂ ಮಾಡಾಕಿಲ್ವಾ? ಗಂಡ್ಸು ಎದ್ದೇಳಕ್ಕೆ ಅಕ್ಕನ ಹೆಣನೇ ಬೇಕಾ?”

“ಸುಮ್ನಿರಕ್ಕ, ಕಥೆ ಕಟ್ಟೋದು ನಿಂಗೆ ಗೊತ್ತಾಗಾಕಿಲ್ಲ.”

“ಒಂದ್ಸಲ ಬದುಕ್ಸು ನೋಡಾಣ. ಆಮ್ಯಾಕೆ ಅವಳು ಏನ್ ಮಾಡ್ತಾಳೋ ಕೇಳ್ಬೇಕು ಅಂತ ಆಸೆ.”

ಆಗಲಿ ಅಂದೆ. ಅಂದವನು ಮನೆಗೆ ಬಂದು ನಾಲ್ಕನೆಯವಳನ್ನು ನಾಲೆ ಏರಿಗೆ ಕರೆತಂದೆ. ಅಭ್ಯಾಸ.

ಎರಡು ವರ್ಷದ ಹಿಂದೆ, ಒಂದು ಭಾನುವಾರ ಬೆಳಗ್ಗೆ, ಬರೆಯುತ್ತಿದ್ದಾಗ ಭಾವನ ಫೋನು. “ಅಕ್ಕ ಓಗ್ಬುಟ್ಳು ಕಣಪ್ಪ.” ಅದೇ ಮಾತು, ಅದೇ ದನಿ.

ನಾನು ನಕ್ಕೆ. “ಈ ಸಲ ಯಾವ ಕಾಗೆ ಭಾವ?” ಅಂದೆ.

ಅವರು ಏನೋ ಹೇಳಲು ಹೋದರು, ಆಗಲಿಲ್ಲ, ಫೋನಿಟ್ಟರು. ಪರವಾಗಿಲ್ಲ, ಮುದುಕ ನಾಟಕ ಕಲಿತಿದ್ದಾನೆ ಅಂದುಕೊಂಡೆ. ಬರೆಯುವಾಗಿನ ರೂಢಿಯಂತೆ ಫೋನಿನ ಸದ್ದು ಅಡಗಿಸಿ ಮಗುಚಿಟ್ಟೆ. ಹೆಂಡತಿ ಕೊಟ್ಟ ಕಾಫಿ ಕುಡಿದೆ. ಅಧ್ಯಾಯ ಮುಗಿಸಿದೆ, ನಾಯಕನ ಅಕ್ಕ ನಾಲೆಗೆ ಬಿದ್ದಳು, ಚೆನ್ನಾಗಿ ಬಂದಿದೆ ಅನ್ನಿಸಿತು. ಉಂಡು ಮಲಗೆದ್ದೆ. ಅಳುವಂತೂ ಬರುವುದಿಲ್ಲ, ಹೋಗಿ ಮುಖವನ್ನಾದರೂ ತೋರಿಸೋಣ ಅಂತ ಮಧ್ಯಾಹ್ನದ ಮೇಲೆ ಬಸ್ಸು ಹತ್ತಿದೆ. ಕೈಯಲ್ಲಿ ಮೈಸೂರುಪಾಕಿನ ಪೊಟ್ಟಣ. ಫೋನನ್ನು ಜೇಬಿನಿಂದ ತೆಗೆದೂ ನೋಡಲಿಲ್ಲ.

ಅಕ್ಕ ಬದುಕಿದ್ದರೆ ಅವನು ಏನು ಮಾಡುತ್ತಾನೆ ಅಂತ ಕೇಳಿದ್ದಳಲ್ಲ. ಆ ದಿನ ಹೊತ್ತು ಇಳಿಯುವವರೆಗೂ ನನ್ನ ಪಾಲಿಗೆ ಅವಳು ಬದುಕಿಯೇ ಇದ್ದಳು. ನಾನು ಏನೂ ಮಾಡಲಿಲ್ಲ.

ಬಿಂಡಿಗನವಿಲೆಯಲ್ಲಿ ಇಳಿದಾಗ ಹೊಲದ ಕಡೆಯಿಂದ ಜನ ವಾಪಸ್ಸು ಬರುತ್ತಿದ್ದರು. ಮನೆ ಮುಂದಿನ ಹಂಡೆಯ ನೀರಿನಲ್ಲಿ ಒಬ್ಬೊಬ್ಬರೇ ಕಾಲು ತೊಳೆದುಕೊಳ್ಳುತ್ತಿದ್ದರು. ಜಗಲಿ ಖಾಲಿ. ಎಲ್ಲರೂ ನನ್ನ ಕೈಯ ಪೊಟ್ಟಣವನ್ನೇ ನೋಡಿದರು. ಭಾವ ನನ್ನ ಮುಖವನ್ನೇ ನೋಡಲಿಲ್ಲ.

ಅಕ್ಕನ ಮಗಳು ಒಂದು ಚೊಂಬು ನೀರು ತಂದುಕೊಟ್ಟಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ನನ್ನನ್ನೇ ಸಮಾಧಾನ ಮಾಡಲು ಹೊರಟಳು.

“ಮೂರು ಗಂಟೆವರ್ಗೂ ಕಾದೋ ಮಾವ. ಎಷ್ಟ್ ಫೋನ್ ಮಾಡುದ್ರೂ ನೀವು ಎತ್ತಲಿಲ್ಲ. ತವರಿನ ಸೀರೆ ಇಲ್ದೆ ಎಂಗೆ ಕಳ್ಸದು ಅಂತ ಎಲ್ರೂ ನಿಂತ್ಬುಟ್ಟಿದ್ರು. ಆಮ್ಯಾಕೆ ನಾನೇ ಅವ್ವನ ಪೆಟ್ಟಿಗೆ ತೆಗೆದೆ. ಅವತ್ತು ಅಳ್ತಾ ಒಂದು ತಂದಿದ್ರಲ್ಲ, ಹಸ್ರುದು? ಉಟ್ಟೇ ಇರ್ಲಿಲ್ಲ ಅವ್ವ. ಅಂಗೇ ಮಡಗಿತ್ತು. ಅದ್ನೇ ಹೊದ್ಸಿ ಕಳ್ಸುದೋ.”