ಕಂಕುಳಲ್ಲಿ ಕೈ

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ನಾಸಿಕದಲ್ಲಿ ಮನೆಮನೆಗೆ ಹೋಗಿ ತಬಲಾ ಕಲಿಸುತ್ತೇನೆ, ಕರೆದ ಗಾಯಕರಿಗೆ ಸಾಥ್ ಕೊಡುತ್ತೇನೆ. ಸಂಬಳವಿಲ್ಲ, ರಜೆಯಿಲ್ಲ. ಇರುವುದು ಈ ಎರಡು ಕೈ. ಅವನ್ನು ಯಾರ ಮುಂದೂ ಚಾಚಿಲ್ಲ.

ಬೀದರದಲ್ಲಿ ಕಲಿಯುವಾಗ ತಾಳ ತಪ್ಪಿದರೆ ಗುರುಗಳು ಬೆತ್ತ ಸೀಳುವ ತನಕ ಹೊಡೆಯುತ್ತಿದ್ದರು. ಬೆನ್ನಿಗೆ, ಮೀನಖಂಡಕ್ಕೆ; ಕೈಗೆ ಮಾತ್ರ ಎಂದೂ ಅಲ್ಲ. ಬೆತ್ತ ಎದ್ದ ಕೂಡಲೇ ನಾವು ಕೈಗಳನ್ನು ಕಂಕುಳಲ್ಲಿ ತೂರಿಸಿ ಬಾಗಬೇಕು. ಅದೂ ಪಾಠವೇ.

ಹೋದ ವರ್ಷ ಸಂಭಾಜಿನಗರದ ಚಿಕಲಠಾಣಾದಲ್ಲಿ ಒಬ್ಬ ಕಾರ್ಖಾನೆ ಮಾಲೀಕನ ಗೃಹಪ್ರವೇಶ. ಕಲಬುರಗಿ ಕಡೆಯ ಹಿರಿಯ ಗಾಯಕರ ಜೊತೆ ಹೋಗಿದ್ದೆ. ಊಟದ ಹೊತ್ತಿಗೆ ಹಾಡು ಶುರುವಾಯಿತು. ಕುಡಿದಿದ್ದ ಮಾಲೀಕನ ಭಾಮೈದ ಬೂಟುಗಾಲಲ್ಲೇ ವೇದಿಕೆ ಹತ್ತಿದ.

"ಏ ತಬಲಜಿ! ಹೇ ರಡಗಾಣಂ ಬಂದ್ ಕರ್!" ಈ ಅಳು ಸಾಕು, ಕುಣಿಯುವ ಹಾಡು ಬೇಕಂತೆ.

"ಪಹಲೇ ಜೂತಾ ನಿಕಾಲೋ, ಸಾಹೇಬ್," ಎಂದೆ, ಮೊದಲು ಬೂಟು ಬಿಚ್ಚಿ ಅಂತ.

ಅವನು ಬೂಟನ್ನು ನನ್ನ ಎಡಗೈಯ ಡಗ್ಗಾದ ಮೇಲಿಟ್ಟು ತುಳಿದ. ಚರ್ಮ ಢಬ್ಬೆಂದು ಹರಿಯಿತು. ಎದ್ದು ನಿಂತೆ. ಕಾಲರ್ ಹಿಡಿದು ದವಡೆಗೆ ಗುದ್ದಿದ. ನನ್ನ ಕೈಗಳು ತಾವಾಗಿಯೇ ಕಂಕುಳು ಸೇರಿದವು.

"ಬಘಾ ರೇ, ಥಂಡಿ ವಾಜತೇ ತ್ಯಾಲಾ!"

ನನಗೆ ಚಳಿಯಂತೆ! ಅವನ ಗೆಳೆಯರಿಬ್ಬರು ನಕ್ಕರು. ಆ ನಗು ಗುದ್ದಿಗಿಂತ ಜೋರಾಗಿ ತಾಗಿತು. ಹಣೆಯಿಂದ ಅವನ ಮೂಗಿಗೆ ಡಿಕ್ಕಿ ಕೊಟ್ಟೆ. ಎಲುಬು ಲಟಕ್ಕೆಂದಿತು, ಬಿಳಿ ಗಾದಿಯ ಮೇಲೆ ರಕ್ತ ಸುರಿಯಿತು. ಗೆಳೆಯರು ನನ್ನನ್ನು ಕೆಡವಿ ಒದೆಯತೊಡಗಿದರು. ಪಕ್ಕೆ ಮುರಿದದ್ದು ನನಗೇ ಕೇಳಿಸಿತು. ಆದರೂ ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಮೂಗು ಒಡೆಸಿಕೊಂಡ ಭಾಮೈದನಿಗೆ ನಾನು ಕೈ ಬಚ್ಚಿಡುವ ಗುಟ್ಟು ಹೊಳೆಯಿತು. ತಬಲಾ ಶ್ರುತಿ ಮಾಡುವ ನನ್ನ ಸುತ್ತಿಗೆಯನ್ನೇ ಎತ್ತಿಕೊಂಡ. "ಹಾತ್ ಬಾಹೇರ್ ಕಾಢಾ ತ್ಯಾಚೇ!"

ಒಬ್ಬ ನನ್ನ ಬಲಗೈ ಹೊರಗೆಳೆಯತೊಡಗಿದ. ಅವನ ಮಣಿಕಟ್ಟಿಗೆ ಬಾಯಿ ಹಾಕಿ, ರಕ್ತ ಬಂದು ಬಾಯಿ ಉಪ್ಪುಪ್ಪಾಗುವ ತನಕ ಕಚ್ಚಿದೆ. ಸುತ್ತಿಗೆ ನನ್ನ ಭುಜಕ್ಕೆ ಬಿತ್ತು. ಭಾಮೈದ ಮತ್ತೆ ಎತ್ತಿದ. ನಮ್ಮ ಗಾಯಕರು ಅವನ ಕಾಲಿಗೆ ಜೋತುಬಿದ್ದು ಉರುಳಿಸಿದರು. "ಮುಷ್ಟಿ ಬಿಗಿ ಹಿಡೀರಿ! ಸತ್ತರೂ ಬಿಡಬ್ಯಾಡ್ರಿ!" ಎಂದು ಚೀರಿದರು. ಆಮೇಲೆ ಊಟ ಬಿಟ್ಟೆದ್ದ ಜನ ಬಂದು ಬಿಡಿಸಿದರು.

ಆಸ್ಪತ್ರೆಯಲ್ಲಿ ನರ್ಸ್ ಅಂಗಿ ಬಿಚ್ಚಿಸಲು ಬಂದರೆ ನನ್ನ ಕೈ ಕಂಕುಳಿಂದ ಬರಲೊಲ್ಲದು. ಗಾಯಕರು ಎಳೆದರು. ಅವರಿಗೂ ಒದ್ದೆ.

"ಏ, ನಾ ಇದೀನ್ರೀ ಮಾರಾಯ್ರ! ನನಗ್ಯಾಕ ಒದೀತೀರಿ?"

ಒಂದೊಂದೇ ಬೆರಳು ಬಿಡಿಸಿ, ತಮ್ಮ ಅಂಗೈ ಮುಂದೊಡ್ಡಿದರು. "ಬಾರಸ್ರಿ ನೋಡೋಣು."

ತಿರಕಿಟ ಬಾರಿಸಿದೆ. ಉಂಗುರಬೆರಳು ತಡವಾಗಿ ಬಂತು. ಆದರೆ ಬಂತು.