ಅರ್ಧ ಹಾದಿಯ ಬನ್ನಿ

ನಮ್ಮ ಅಪ್ಪನೂ ಅವನ ಜೀವದ ಗೆಳೆಯನೂ ಮಾತು ಬಿಟ್ಟದ್ದು ಒಂದು ಕಾದಂಬರಿಯೊಳಗಿನ ಸಿಪಾಯಿಯ ಸಲುವಾಗಿ. ಹೇಳಿದರೆ ಯಾರೂ ನಂಬುವುದಿಲ್ಲ. ಹೊಲದ ಬದುವಿಗಾಗಿ, ಪಂಚಾಯ್ತಿ ಚುನಾವಣೆಗಾಗಿ, ಮದುವೆಯಲ್ಲಿ ಆಹೇರಿಯ ಉಡುಗೊರೆ ಸರಿಯಾಗಿ ಮಾಡಲಿಲ್ಲವೆಂಬುದಕ್ಕಾಗಿ ಮಾತು ಬಿಟ್ಟವರನ್ನು ರೋಣದಲ್ಲಿ ಓಣಿಗೊಬ್ಬರಂತೆ ತೋರಿಸಬಹುದು. ಕಾದಂಬರಿಗಾಗಿ ಬಿಟ್ಟವರು ಇವರಿಬ್ಬರೇ. ನಾನು ದಿನಾ ಇಲ್ಲಿಂದ ನರಗುಂದದ ಕಾಲೇಜಿಗೆ ಹೋಗಿ ಹುಡುಗರಿಗೆ ಕಾದಂಬರಿ ಕಲಿಸಿ ಹೊಟ್ಟೆ ಹೊರೆಯುವವಳು. ಕಾದಂಬರಿಗೆ ಇಷ್ಟು ಶಕ್ತಿ ಇದೆಯೆಂದು ನಾನು ಹೆಮ್ಮೆಪಡಬೇಕಿತ್ತು. ಹೆಮ್ಮೆ ಆಗಲಿಲ್ಲ.

ಇಬ್ಬರೂ ಸೂಡಿಯಲ್ಲಿ ಹುಟ್ಟಿ, ಒಂದೇ ಸಾಲಿಯ ಒಂದೇ ಹಾಸುಗಲ್ಲಿನ ಮೇಲೆ ಕೂತು ಕಲಿತವರು. ದುಡಿಯುವ ವಯಸ್ಸಿಗೆ ರೋಣಕ್ಕೆ ಬಂದರು. ಅಪ್ಪ ಪೇಟೆಯಲ್ಲಿ ಜೋಳ, ಕಡಲೆಯ ಅಂಗಡಿ ಇಟ್ಟ. ಎದುರಿಗೇ ಗೆಳೆಯ ಹೊಲಿಗೆ ಮಷೀನು ಹಾಕಿದ. ನಾನು ಅವನಿಗೆ ಕಾಕಾ ಎನ್ನುತ್ತಿದ್ದೆ. ಅವನ ಮಕ್ಕಳು ನಮ್ಮ ಅಪ್ಪನಿಗೆ ಚಾಚಾ ಎನ್ನುತ್ತಿದ್ದರು. ಅವರು ಮುಸಲ್ಮಾನರು, ನಾವು ಲಿಂಗಾಯತರು. ಈ ಸಂಗತಿ ಊರಿಗೆ ಮುಂದೆ ಬೇಕಾಯಿತು, ಅವರಿಬ್ಬರಿಗೆ ಎಂದೂ ಬೇಕಾಗಿರಲಿಲ್ಲ.

ಊಟ ಮುಗಿದ ಮೇಲೆ ಪೇಟೆ ತೂಕಡಿಸುವ ಹೊತ್ತಿನಲ್ಲಿ ಅಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಎದುರಿನ ಅಂಗಡಿಗೆ ಹೋಗಿ, ಬಟ್ಟೆಯ ಗಂಟಿನ ಮೇಲೆ ಕೂತು ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಕಾಕಾ ಹೊಲಿಯುತ್ತ ಕೇಳುತ್ತಿದ್ದ. ಅಪ್ಪನ ಗಂಟಲು ಬತ್ತಿದರೆ ಅವನು ಓದುತ್ತಿದ್ದ, ಆಗ ಅಂಗಿಗೆ ಗುಂಡಿ ಹಚ್ಚುವ ಕೆಲಸ ಅಪ್ಪನದು. ಅಪ್ಪ ಹಚ್ಚಿದ ಗುಂಡಿ ಬಹಳ ದಿನ ಬಾಳುತ್ತಿರಲಿಲ್ಲವೆಂದು ಗಿರಾಕಿಗಳಿಗೆಲ್ಲ ಗೊತ್ತಿತ್ತು. ಯುದ್ಧದ ಕಾದಂಬರಿಗಳೆಂದರೆ ಇಬ್ಬರಿಗೂ ಪ್ರಾಣ. ಬೇರೆ ದೇಶದ ಹಳೆಯ ದಪ್ಪ ಕಾದಂಬರಿಗಳ ಕನ್ನಡ ಅನುವಾದಗಳನ್ನು ಹುಬ್ಬಳ್ಳಿಯ ರಸ್ತೆಬದಿಯಲ್ಲಿ ಹುಡುಕಿ ತರುತ್ತಿದ್ದರು. ಒಂದು ಇರುವೆಯನ್ನೂ ತುಳಿಯದ ಈ ಇಬ್ಬರು ಮಧ್ಯಾಹ್ನಕ್ಕೊಂದು ಸೈನ್ಯವನ್ನು ಹೊಳೆ ದಾಟಿಸುತ್ತಿದ್ದರು. ಮಷೀನು ನಿಂತಿತೆಂದರೆ ಕಥೆ ಹಿಡಿದಿದೆ ಎಂದರ್ಥ.

ಇನ್ನೊಂದು ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆಯ ಆ ತಲೆಮಾರಿನ ಬಹಳ ಮಂದಿಗೆ ಜೂನ್ ಒಂದೇ ಜನ್ಮದಿನ. ಹುಡುಗನ ಕೈ ತಲೆಯ ಮೇಲಿಂದ ಬಂದು ಆಚೆಯ ಕಿವಿ ಮುಟ್ಟಿತೆಂದರೆ ಸಾಲಿಗೆ ಸೇರುವ ವಯಸ್ಸಾಯಿತು ಎಂದು ಹೆಡ್ಮಾಸ್ತರರು ಜೂನ್ ಒಂದು ಬರೆದುಬಿಡುತ್ತಿದ್ದರು. ಅಪ್ಪನೂ ಕಾಕಾನೂ ಒಂದೇ ದಿನ ಕಿವಿ ಮುಟ್ಟಿದವರು. ಹೀಗಾಗಿ ಯಾರು ದೊಡ್ಡವರು ಎಂಬುದು ಬಗೆಹರಿದಿರಲಿಲ್ಲ. ವರ್ಷವಿಡೀ ಇದರಿಂದ ತೊಂದರೆಯಿಲ್ಲ. ದಸರೆ ಬಂದಾಗ ಮಾತ್ರ ಜಗಳ. ಬನ್ನಿ ಎಲೆ ಹಿಡಿದು ಸಣ್ಣವರು ದೊಡ್ಡವರ ಮನೆಗೆ ಹೋಗಬೇಕು, ಕೊಟ್ಟು ಕಾಲು ಮುಟ್ಟಬೇಕು, "ಬನ್ನಿ ತಗೊಂಡು ಬಂಗಾರದಾಂಗ ಇರೂಣು" ಎನ್ನಬೇಕು. ಇಲ್ಲಿ ಸಣ್ಣವನು ಯಾರು?

ಆ ಸಂಜೆ ಅಪ್ಪ ನಮ್ಮ ಮನೆಯಿಂದ, ಕಾಕಾ ಅವನ ಮನೆಯಿಂದ ಬನ್ನಿ ಹಿಡಿದು ಹೊರಡುತ್ತಿದ್ದರು. ನಡುವೆ ನೀರಿನ ಟಾಕಿಯ ಹತ್ತಿರ ಎದುರಾಗುತ್ತಿದ್ದರು.

"ಯಾಕಲೇ ಹಾದಿಗೆ ಬಂದೀ? ಮನ್ಯಾಗ ಕುಂದ್ರು. ಸಣ್ಣಾಂವ ನಾ ಬರ್ತಿದ್ದೆ," ಎಂದು ಕಾಕಾ.

"ನಿನ್ನ ಹಲ್ಲ ನೋಡಿದ್ರ ಗೊತ್ತಾಗತೈತಿ ಯಾರ ಮುದುಕ ಅಂತ. ಕಾಲ ಚಾಚು, ನಮಸ್ಕಾರ ಮಾಡತೇನಿ," ಎಂದು ಅಪ್ಪ.

ಓಣಿಯ ಮಕ್ಕಳು ಸುತ್ತ ನೆರೆಯುತ್ತಿದ್ದವು. ಕೊನೆಗೆ ಇಬ್ಬರೂ ಒಟ್ಟಿಗೇ ಒಬ್ಬರ ಕಿಸೆಗೆ ಒಬ್ಬರು ಎಲೆ ತುರುಕಿ ಅಪ್ಪಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ದಸರೆ ಮುಗಿಯುತ್ತಿದ್ದುದು ಆಗಲೇ.

ಮಾತು ಮುರಿದ ಮಧ್ಯಾಹ್ನ ನಾನು ಅಲ್ಲಿಯೇ ಇದ್ದೆ. ಮಗನ ಸಾಲಿಯ ಚಡ್ಡಿ ಉದ್ದ ಮಾಡಿಸಲು ಹೋಗಿದ್ದೆ. ಅಪ್ಪ ಓದುತ್ತಿದ್ದ. ಕಥೆಯಲ್ಲಿ ಒಬ್ಬ ಸಿಪಾಯಿ ಹೊಳೆಯ ದಂಡೆಯಲ್ಲಿ ಪಹರೆ ನಿಂತಿದ್ದಾನೆ. ಸ್ವಲ್ಪ ದೂರದ ಜೊಂಡಿನಲ್ಲಿ ವೈರಿ ಪಡೆಯವನೊಬ್ಬ ಗಾಯಗೊಂಡು ಬಿದ್ದು ನೀರು ನೀರು ಎನ್ನುತ್ತಿದ್ದಾನೆ. ಸಿಪಾಯಿ ತಾಳುವಷ್ಟು ತಾಳಿ, ಕೊನೆಗೆ ಪಹರೆ ಬಿಟ್ಟು ಹೋಗಿ ನೀರು ಕುಡಿಸುತ್ತಾನೆ. ಅಷ್ಟರಲ್ಲಿ ವೈರಿಗಳು ಹೊಳೆ ದಾಟುತ್ತಾರೆ. ಮಲಗಿದ್ದ ಅವನ ಜೊತೆಗಾರರು ಮಲಗಿದಲ್ಲೇ ಸಾಯುತ್ತಾರೆ. ಅವನನ್ನು ವಿಚಾರಣೆಗೆ ನಿಲ್ಲಿಸುವಲ್ಲಿಗೆ ಅಧ್ಯಾಯ ಮುಗಿಯಿತು. ಮಷೀನು ಯಾವಾಗಲೋ ನಿಂತಿತ್ತು.

"ಮನಶ್ಯಾ ಮಾಡೂದ ಮಾಡಿದ," ಎಂದ ಕಾಕಾ. "ನೀರ ಕೇಳಿದಾಂವಗ ನೀ ಯಾರಂವ ಅಂತ ಕೇಳಾಕ ಬರತೈತೇನ?"

"ಮಕ್ಕೊಂಡಾವ್ರು ಮನಶ್ಯಾರ ಅಲ್ಲೇನ? ಇವನ್ನ ನಂಬಿ ಮಕ್ಕೊಂಡಿದ್ರು. ಅವರಿಗೂ ತಾಯಿ ಇದ್ಲು," ಎಂದ ಅಪ್ಪ.

ಇಬ್ಬರ ಮಾತೂ ನಿಜವೇ. ಅಂಥ ದೊಡ್ಡ ಕಾದಂಬರಿಗಳು ಮಾಡುವುದೇ ಇದನ್ನು. ಕೆಟ್ಟವನನ್ನೂ ಒಳ್ಳೆಯವನನ್ನೂ ಎದುರುಬದುರು ನಿಲ್ಲಿಸಿ ನಮ್ಮ ಕೆಲಸ ಹಗುರ ಮಾಡುವುದಿಲ್ಲ, ಎರಡು ಸರಿಗಳನ್ನು ತಂದು ಎದುರಿಗಿಟ್ಟು ನಮ್ಮನ್ನು ಉರಿಯಲು ಬಿಡುತ್ತವೆ. ಇದನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಅಂದು ಬಾಯಿಬಿಟ್ಟು ಹೇಳಿದೆ ಕೂಡ. ಇಬ್ಬರೂ ನನಗೆ ಸುಮ್ಮನಿರು ಎಂದರು. ದನಿಗಳು ಏರುತ್ತ ಹೋದವು. ಕೊನೆಗೆ ಅಪ್ಪ ಆಡಬಾರದ್ದನ್ನು ಆಡಿದ.

"ಚಡ್ಡಿ ಹೊಲ್ಯಾಂವಗ ಯುದ್ಧದ ಮಾತ ಯಾಕ ಬೇಕು?"

ಕಾಕಾನೂ ಬಿಡಲಿಲ್ಲ. "ಖರೇ ಐತಿ. ನೀ ಜ್ವಾಳಾ ತೂಗಾಂವ. ಹೆಣಾನೂ ತಕ್ಕಡ್ಯಾಗ ಹಾಕಿ ಯಾವ ಕಡೆ ಭಾಳ ಅದಾವ ನೋಡಾಂವ."

ಅಪ್ಪ ಪುಸ್ತಕ ಎತ್ತಿಕೊಂಡು ರಸ್ತೆ ದಾಟಿದ. ನಾಳೆ ಸರಿಹೋಗುತ್ತದೆ ಎಂದುಕೊಂಡು ನಾನು ಅರ್ಧ ಬಿಚ್ಚಿದ ಚಡ್ಡಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ.

ಸರಿಹೋಗುತ್ತಿತ್ತು. ಊರು ಅವರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಖಂಡಿತ ಸರಿಹೋಗುತ್ತಿತ್ತು. ಎರಡು ಎಮ್ಮೆಗಳು ಕಾದಾಡಿದರೂ ಕಾರಣ ಕೇಳುವ ಊರು ನಮ್ಮದು, ಒಬ್ಬ ಸಿಪಾಯಿಯ ಸಲುವಾಗಿ ಎಂದರೆ ಒಪ್ಪುತ್ತದೆಯೇ? ತನಗೆ ಬೇಕಾದ ಕಾರಣವನ್ನು ತಾನೇ ಹುಡುಕಿಕೊಂಡಿತು. ಒಂದು ದಿನ ಪೇಟೆಯ ಕೆಲವರು ಅಪ್ಪನ ಗಲ್ಲಾಪೆಟ್ಟಿಗೆಯ ಮುಂದೆ ಬಂದು ಕೂತರು. "ಅವರ ಸಹವಾಸ ಬಿಟ್ಟದ್ದು ಚಲೋ ಆತು ಬಿಡ್ರಿ ಸಾವ್ಕಾರ. ನಾವು ಅದೇವಿ ನಿಮ್ಮ ಬೆನ್ನಿಗೆ," ಎಂದರು. ಅಪ್ಪ ಸಿಟ್ಟಿನಿಂದ, "ನನ್ನ ಬೆನ್ನಿಗೆ ಯಾರೂ ಬ್ಯಾಡ, ಎದ್ದ ಹೋಗ್ರಿ" ಎಂದು ಅಟ್ಟಿದ. ಅತ್ತ ಕಾಕಾನ ಅಂಗಡಿಗೂ ಹಾಗೆಯೇ ಕೆಲವರು ಹೋದರಂತೆ. ಅವನೂ ಕತ್ತರಿ ತೋರಿಸಿ ಕಳಿಸಿದನಂತೆ. ಇಬ್ಬರೂ ಹೀಗೆ ಒಬ್ಬರ ಮಾನ ಒಬ್ಬರು ಕಾಯ್ದರು, ಆದರೆ ಅದನ್ನು ರಸ್ತೆ ದಾಟಿ ಹೋಗಿ ಹೇಳಲಿಲ್ಲ. ಈಗ ಯಾರು ಮೊದಲು ದಾಟಿದರೂ ದಾಟಿದವನ ಕಡೆಯವರು ಸೋತರು ಎಂದು ಊರು ಆಡುತ್ತಿತ್ತು. ಎರಡು ಅಂಗಡಿಗಳ ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟೇ ಜಾಗ. ಅದರ ಆಚೆ ಈಚೆ ಇಬ್ಬರೂ ಪಹರೆ ನಿಂತರು.

ಆ ವರ್ಷದ ದಸರೆಯ ಸಂಜೆ ಅಪ್ಪ ಹೊಸ ಧೋತರ ಉಟ್ಟು ಪಡಸಾಲೆಯಲ್ಲಿ ಕೂತ. ಮುಂದೆ ತಾಟಿನಲ್ಲಿ ಬನ್ನಿ ಇತ್ತು.

"ಹೋಗಿ ಬಾ ಅಪ್ಪಾ. ಟಾಕೀ ತನಕಾನರ ಹೋಗು," ಎಂದೆ.

"ಈ ಸಲ ಅಂವ ಬರಬೇಕು. ನಾ ಅವನಕಿಂತ ದೊಡ್ಡಾಂವ."

"ಯಾರ ಹೇಳ್ಯಾರ?"

"ನನಗ ಗೊತ್ತೈತಿ," ಎಂದ. ವರ್ಷಗಟ್ಟಲೆ ಚೇಷ್ಟೆಯಾಗಿದ್ದದ್ದು ಅಂದು ಹಕ್ಕಾಯಿತು. ಬಾಗಿಲು ಸಪ್ಪಳವಾದಾಗಲೆಲ್ಲ ಧೋತರ ಸರಿಮಾಡಿಕೊಂಡ. ಓಣಿಯವರು ಬಂದರು, ಬೀಗರು ಬಂದರು, ಅವನು ಬರಲಿಲ್ಲ. ಮರುವರ್ಷವೂ ಹಾಗೆಯೇ ಕೂತ, ಹಾಗೆಯೇ ಎದ್ದ.

ಆ ಎರಡನೇ ದಸರೆಯ ನಂತರ ಒಮ್ಮೆ ನಾನು ಕಾಕಾನ ಅಂಗಡಿಗೆ ಹೋಗಿದ್ದೆ. ಯೋಗಕ್ಷೇಮವೆಲ್ಲ ಆದ ಮೇಲೆ ಅವನು ಸೂಜಿಗೆ ದಾರ ಪೋಣಿಸುತ್ತ, ನನ್ನ ಕಡೆ ನೋಡದೆ ಕೇಳಿದ: "ಮುಂದ ಓದಿದನೇನವಾ ನಿಮ್ಮಪ್ಪ? ಆ ಸಿಪಾಯಿಗೇನ ಮಾಡಿದ್ರು?"

"ಓದಿಲ್ಲ ಕಾಕಾ. ಪುಸ್ತಕ ತಗದ ನೋಡಿಲ್ಲ. ನಾ ಹೇಳ್ಲೇನು?"

"ಬ್ಯಾಡ ಬ್ಯಾಡ. ಅಂವ ಓದಿದ್ರ ಕೇಳತೇನಿ," ಎಂದ.

ಇದನ್ನು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪನ ಕಣ್ಣು ತುಂಬಿದವು. "ಹಂಗಾರ ದಸರಾಕ್ಕ ಬರ್ತಾನ ತಗೋ," ಎಂದ. ಹಟ ಮಾತ್ರ ಬಿಡಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಬ್ಬರನ್ನೂ ಕಿವಿ ಹಿಡಿದು ಟಾಕಿಯ ಹತ್ತಿರ ತಂದು ನಿಲ್ಲಿಸಬೇಕು ಅನಿಸಿತು. ಹಿರಿಯರ ಕಿವಿ ಹಿಡಿಯಲು ಬರುವುದಿಲ್ಲವಲ್ಲ.

ಆ ದಸರೆಗೆ ಮುಂಚೆಯೇ ಕಾಕಾ ಹೋಗಿಬಿಟ್ಟ. ಎದೆನೋವೆಂದು ಗದಗಿನ ದವಾಖಾನೆಗೆ ಒಯ್ಯುವಾಗ ಹಾದಿಯಲ್ಲೇ ಜೀವ ಹೋಯಿತು. ಅಪ್ಪ ಕಬರಸ್ತಾನಕ್ಕೆ ಮಣ್ಣು ಕೊಡಲು ಹೋದ. ಎಲ್ಲರ ಹಿಂದೆ ನಿಂತಿದ್ದವನನ್ನು ಕಾಕಾನ ದೊಡ್ಡ ಮಗ ಕೈ ಹಿಡಿದು ಮುಂದೆ ಕರೆದೊಯ್ದು, "ಚಾಚಾ, ನೀವು ಮಣ್ಣ ಹಾಕ್ರಿ" ಎಂದನಂತೆ. ಮನೆಗೆ ಬಂದ ಅಪ್ಪ ಕೈ ತೊಳೆಯದೆ ಬಹಳ ಹೊತ್ತು ಹಿತ್ತಲಿನಲ್ಲಿ ಕೂತಿದ್ದ. ಆಮೇಲೆ ಒಂದೇ ಮಾತು ಹೇಳಿದ: "ಅಂವ ಬರಬೇಕಾಗಿತ್ತು. ಸಣ್ಣಾಂವ ಇದ್ದ, ಬರಬೇಕಾಗಿತ್ತು." ಮುಂದೆ ಎಷ್ಟೋ ದಿನ ಯಾರು ಏನು ಕೇಳಿದರೂ ಇದೇ ಮಾತು. ಅಪ್ಪನಿಗೆ ಹಿಡಿದುಕೊಂಡು ನಿಲ್ಲಲು ಅದೊಂದೇ ಗೂಟ ಉಳಿದಿತ್ತು.

ದಸರೆ ಬಂತು. ಆ ಸಂಜೆ ಅಪ್ಪ ಪಡಸಾಲೆಯಲ್ಲಿ ಕೂಡಲಿಲ್ಲ. ಬನ್ನಿ ಕೊಡುವುದು ನಮ್ಮಲ್ಲಿ ಮರುದಿನವೂ ನಡೆಯುತ್ತದೆ. ಮುಂಜಾನೆ ಎದ್ದವನೇ, "ಗಜೇಂದ್ರಗಡಕ್ಕ ಹೋಗಿ ಬರೂಣು ನಡಿಯವಾ. ಅವನ ಅಕ್ಕಗರ ಬನ್ನಿ ಕೊಟ್ಟ ಬರ್ತೇನಿ. ಆಕಿ ಇಬ್ಬರಿಗೂ ದೊಡ್ಡಾಕಿ," ಎಂದ. ಕಾಕಾನ ಅಕ್ಕನನ್ನು ಗಜೇಂದ್ರಗಡದ ನೇಕಾರರ ಮನೆಗೆ ಕೊಟ್ಟಿದ್ದರು. ಬಸ್ಸಿನಲ್ಲಿ ಹೋದೆವು. ಸೂಡಿ ಬಂದಾಗ ಅಪ್ಪ ಕಿಟಕಿಯಿಂದ ಮುಖ ತಿರುಗಿಸಿ ಕೂತ.

ಮುದುಕಿ ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಕಣ್ಣು ಮಂದ, ನೆನಪು ಮಾತ್ರ ಚೊಕ್ಕ. ಅಪ್ಪ ಬನ್ನಿ ಕೊಟ್ಟು ಅವಳ ಕಾಲು ಮುಟ್ಟಿದ. ಅವಳು ತಲೆ ಸವರಿ ಹರಸಿದಳು. ಚಹಾ ಬಂತು. ಅಪ್ಪ ಚಹಾ ಮುಟ್ಟದೆ ಅದೇ ಮಾತು ತೆಗೆದ.

"ಅಕ್ಕಾ, ಅಂವ ಒಂದ ಸಲ ಬರಬೇಕಾಗಿತ್ತು. ಸಣ್ಣಾಂವ ಅಲ್ಲೇನ? ನಾ ಎರಡ ದಸರಾ ಹಾದಿ ನೋಡಿದೆ."

ಮುದುಕಿ ಅಪ್ಪನ ಮುಖವನ್ನೇ ನೋಡಿದಳು. "ಯಾರ ಸಣ್ಣಾಂವ? ನಿನ್ನ ಹಡಿಯೂ ಮುಂದ ನಿಮ್ಮವ್ವ ನಮ್ಮ ಮನೀ ಕಟ್ಟಿ ಮ್ಯಾಲ ಕುಂತಿದ್ಲು. ಆಗ ನನ್ನ ತಮ್ಮ ಕಟ್ಟೀ ಹಿಡದ ನಿಂದ್ರತಿದ್ದ. ನಿಮ್ಮವ್ವ ಅವನ ಗಲ್ಲಾ ಹಿಂಡಿ, ಇಂಥಾದ ನನಗೂ ಒಂದ ಆಗಲಿ ಅಂದ್ಲು. ನೀ ಸಣ್ಣಾಂವ ತಮ್ಮಾ."

ಅಪ್ಪ ಅವಳ ಹತ್ತಿರಕ್ಕೆ ಸರಿದು, "ಅವಗ ಇದು ಗೊತ್ತಿತ್ತೇನಕ್ಕಾ?" ಎಂದು ಕೇಳಿದ.

"ಮೊದಲಿಂದ ಗೊತ್ತಿತ್ತು. ನಿನಗ ಹೇಳಬ್ಯಾಡ ಅಂತ ನನ್ನ ಕಡಿಂದ ಮಾತ ತಗೊಂಡಿದ್ದ. ಹೇಳಿದ್ರ ಅಂವ ಸುಮ್ಮನ ಮನೀಗ ಬಂದ ಕಾಲ ಬೀಳತಾನ ಅಕ್ಕಾ, ಹಾದ್ಯಾಗ ಜಗಳಾಡೂದ ತಪ್ಪತೈತಿ ಅಂತಿದ್ದ."

ದೊಡ್ಡವನೆಂದು ತಿಳಿದೂ ಪ್ರತಿ ವರ್ಷ ಅರ್ಧ ಹಾದಿ ಬಂದವನು ಕಾಕಾ. ಸಣ್ಣವನು ಬರಲಿ ಎಂದು ಅವನು ಕಾದದ್ದು ಕೊನೆಯಲ್ಲಿ ಮಾತ್ರ, ಮನಸ್ಸು ನೊಂದ ಮೇಲೆ. ಅಪ್ಪ ಅಳುತ್ತಾನೆಂದು ನಾನು ಅಂದುಕೊಂಡೆ. ಅವನು ಅಳಲಿಲ್ಲ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಮುದುಕಿಯ ಕಾಲನ್ನು ಇನ್ನೊಮ್ಮೆ ಮುಟ್ಟಿದ.

ತರಗತಿಯಲ್ಲಿ ಹುಡುಗರು ಯುದ್ಧ ಯಾಕೆ ಆಗುತ್ತದೆ ಎಂದು ಕೇಳುತ್ತಾರೆ. ಕಿಟಕಿಯಾಚೆ ನರಗುಂದದ ಗುಡ್ಡದ ಮೇಲೆ ಕೋಟೆ ಕಾಣುತ್ತಿರುತ್ತದೆ. ಮೊದಲೆಲ್ಲ ನೆಲ, ಹೊನ್ನು, ಅಹಂಕಾರ ಎಂದು ಪಟಪಟನೆ ಹೇಳುತ್ತಿದ್ದೆ. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಆ ದೊಡ್ಡ ಕಾದಂಬರಿಗಳನ್ನು ಮತ್ತೆ ತೆಗೆದು ನೋಡಿದರೆ ಹೊಡೆದಾಟದ ಪುಟಗಳು ಕಡಿಮೆಯೇ ಇವೆ. ಹೆಚ್ಚಿನ ಪುಟಗಳಲ್ಲಿ ಜನ ಕಾಯುತ್ತ ಕೂತಿರುತ್ತಾರೆ, ಆಚೆಯವನು ಮೊದಲು ಏನಾದರೂ ಮಾಡಲಿ ಎಂದು. ಅದನ್ನು ಬರೆದವರಿಗೆ ಮನುಷ್ಯನ ಗುಣ ಗೊತ್ತಿತ್ತು. ಅಪ್ಪನೂ ಕಾಕಾನೂ ಅವನ್ನೆಲ್ಲ ಅಕ್ಷರ ಬಿಡದೆ ಓದಿದ್ದರು. ಅಷ್ಟೆಲ್ಲ ಓದಿದ್ದು ರಸ್ತೆ ದಾಟುವಾಗ ಉಪಯೋಗಕ್ಕೆ ಬರಲಿಲ್ಲವಲ್ಲ ಎಂಬುದೇ ನನ್ನ ದುಃಖ.

ರೋಣಕ್ಕೆ ಮರಳುವಾಗ ಸಂಜೆಯಾಗಿತ್ತು. ಬಸ್ಸಿಳಿದು ಮನೆಯ ಕಡೆ ನಡೆದೆವು. ನೀರಿನ ಟಾಕಿ ಬಂದಾಗ ಅಪ್ಪ ನಿಂತ. ಕಿಸೆಯಲ್ಲಿ ಉಳಿದಿದ್ದ ಒಂದಿಷ್ಟು ಬನ್ನಿಯನ್ನು ಹೊರಗೆ ತೆಗೆದು ಕಾಕಾನ ಓಣಿಯ ಕಡೆ ನೋಡುತ್ತ ನಿಂತುಬಿಟ್ಟ. ಹಾದುಹೋಗುವ ಮಕ್ಕಳು ಅವನ ಕೈಗೂ ಬನ್ನಿ ಕೊಟ್ಟು ಕಾಲು ಮುಟ್ಟಿ ಹೋದವು. ನಾನು ಬಾ ಎಂದು ತೋಳು ಹಿಡಿದೆ.

"ನಾ ಇಲ್ಲೀ ತನಕ ಬಂದಿದ್ರ ಸಾಕಾಗಿತ್ತು ನೋಡವಾ," ಎಂದ ಅಪ್ಪ. "ಉಳಿದದ್ದು ಅಂವ ಬರ್ತಿದ್ದ."