ಮಾಮಾನ ದನಿಯಲ್ಲಿ ಅರ್ಧ ಭಾಷಣ

ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ನೆದರ್‌ಲ್ಯಾಂಡ್ಸಿನ ಬೆಸ್ಟ್ ಎಂಬ ಊರಿನ ಕನ್ನಡಿಗರಿಗೆ ಈ ಸಲ ಯಾರ ಸರದಿಯೋ ಎಂಬ ದಿಗಿಲು. ತಡವಾಗಿದ್ದಕ್ಕೆ ಕ್ಷಮೆ ಕೇಳುವ ರೈಲಿನ ಹೆಂಗಸು, ರಸೀದಿ ಬೇಕೇ ಎಂದು ರಾಗವಾಗಿ ಕೇಳುವ ಸೂಪರ್ ಮಾರ್ಕೆಟ್ಟಿನ ಹುಡುಗ, "ಇಂಟರೆಸ್ಟಿಂಗ್" ಎಂಬ ಒಂದೇ ಮಾತಿನಿಂದ ನನ್ನ ಇಡೀ ಚಳಿಗಾಲದ ಸಂಶೋಧನೆಯನ್ನು ಮಣ್ಣು ಮಾಡುವ ನನ್ನ ಗೈಡ್, ಎಲ್ಲರನ್ನೂ ಮಾಡುತ್ತೇನೆ. ನನ್ನನ್ನೂ ಬಿಟ್ಟಿಲ್ಲ. ಡಚ್ ಮಾತಾಡಲು ಹೋಗಿ ಮೀನಿನ ಮುಳ್ಳು ನುಂಗಿದವನಂತೆ ಕ್ಯಾಕರಿಸುವ ನನ್ನ ಅಣಕಕ್ಕೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುತ್ತದೆ.

ಆದರೆ ತಯಾರಿಯೇ ಬೇಡದ ದನಿ ಒಂದೇ, ನನ್ನ ಸೋದರಮಾವನದು. ಮಾಮಾ ವಿಜಯಪುರ ಜಿಲ್ಲೆಯ ಒಂದು ಊರಿನಲ್ಲಿ ಸರ್ಕಾರಿ ಹೈಸ್ಕೂಲಿನ ಹೆಡ್ ಮಾಸ್ತರ. ಮನೆಯಲ್ಲಿ ಊಟಕ್ಕೆ ಕುಳಿತಾಗ ರಾಜಕೀಯವನ್ನು ರೊಟ್ಟಿಯಂತೆ ಮುರಿದು ಮುರಿದು ಬಡಿಸುತ್ತಾರೆ. ಹೊಸ್ತಿಲು ದಾಟಿದರೆ ಬಾಯಿಗೆ ಬೀಗ. ಸರ್ಕಾರಿ ನೌಕರ ರಾಜಕೀಯ ಮಾತಾಡಿದರೆ ನೋಟಿಸು, ಹೆಚ್ಚಾದರೆ ಸಸ್ಪೆಂಡು. ನಿವೃತ್ತಿ ಹತ್ತಿರದಲ್ಲಿತ್ತು. ಇಷ್ಟು ವರ್ಷ ಕಪ್ಪು ಚುಕ್ಕೆ ಇಲ್ಲದೆ ನಡೆದು ಬಂದವರಿಗೆ ಕೊನೆಯ ಗೇಟು ದಾಟುವುದಷ್ಟೇ ಬಾಕಿ ಇತ್ತು.

ಆ ನವೆಂಬರಿನಲ್ಲಿ ಇಲ್ಲಿನ ನಮ್ಮ ಕನ್ನಡ ಸಂಘದ ಅಧ್ಯಕ್ಷರು ಫೋನು ಮಾಡಿದರು. ಬೆಂಗಳೂರಿನವರು, ಕಂಪ್ಯೂಟರ್ ಚಿಪ್ ತಯಾರಿಸುವ ಯಂತ್ರಗಳ ಕಂಪನಿಯಲ್ಲಿ ಮ್ಯಾನೇಜರು. ಮನೆಯಲ್ಲೂ ಪ್ರತಿ ಮಾತನ್ನು ಸ್ಲೈಡಿನಂತೆ ಸರಿಸುತ್ತಾರೆ.

"ಮಗಾ, ರಾಜ್ಯೋತ್ಸವಕ್ಕೆ ಈ ಸಲ ಹರಟೆ ಇಡೋಣ. ಟಾಪಿಕ್ ಏನ್ ಗೊತ್ತಾ? ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯ ಆಗ್ಬೇಕಾ, ಬೇಡ್ವಾ. ಎರಡೂ ಸೈಡ್ ನೀನೇ ಮಾಡು. ಆಮೇಲೆ ರೆಫರೆಂಡಮ್! ಇಲ್ಲಿನ ಡಚ್ ಎಲೆಕ್ಷನ್ ಥರಾನೇ, ಪೇಪರ್ ಬ್ಯಾಲೆಟ್, ಕೆಂಪು ಪೆನ್ಸಿಲ್, ಎಲ್ಲಾ."

"ಸರ್, ರಾಜ್ಯೋತ್ಸವದ ದಿನಾನೇ ರಾಜ್ಯ ಒಡೆಯೋದಾ?"

"ಅಯ್ಯೋ, ಫನ್‌ಗೆ ಕಣೋ."

ಫನ್ ಅಲ್ಲ ಎಂದು ನಾನು ಬಾಡಿಗೆಗಿದ್ದ ಮನೆಯ ಒಡತಿ, ನಾನು ವೈನಿ ಎಂದು ಕರೆಯುವ ಅತ್ತಿಗೆ, ಕೂಡಲೇ ಹೇಳಿದರು. ಅವರು ಧಾರವಾಡದವರು, ನಾನು ಅವರನ್ನು ಅಣಕಿಸಿದಷ್ಟೂ ನನ್ನ ತಟ್ಟೆಗೆ ಬೀಳುವ ಪಲ್ಯ ಕಡಿಮೆಯಾಗುತ್ತಿತ್ತು. "ಮುಂದಿನ ತಿಂಗಳು ಸಂಘದ ಚುನಾವಣಿ ಅದ. ನಮ್ಮ ಕಡೆಯವರೆಲ್ಲಾ ಕೂಡಿ ಬ್ಯಾರೆ ಅಧ್ಯಕ್ಷನ್ನ ನಿಲ್ಲಸ್ಲಿಕ್ಕೆ ಹತ್ಯಾರ. ಇವರು ಒಡಿಯೋ ಮಂದಿ ನೋಡ್ರಿ ಅಂತ ಎಲ್ಲಾರ ಮುಂದ ತೋರಸ್ಬೇಕಾಗ್ಯದ ಅವ್ರಿಗೆ. ನೀ ಅವ್ರ ಕೈಯಾಗಿನ ಬೊಂಬಿ."

ಅಧ್ಯಕ್ಷರಿಗೆ ಈ ಆಲೋಚನೆ ಬಂದದ್ದು ನಮ್ಮ ಊರಿನ ಸುದ್ದಿ ನೋಡಿಯೇ. ಟಿಕೆಟ್ಟಿಗಾಗಿ ಕಾದು ಕುಳಿತಿದ್ದ ಅಲ್ಲಿನ ಮುಖಂಡರೊಬ್ಬರು ಊರೂರಿಗೆ ಡಬ್ಬಿ ಇಟ್ಟು ಪ್ರತ್ಯೇಕ ರಾಜ್ಯದ ಬಗ್ಗೆ ಜನಮತ ಸಂಗ್ರಹಿಸುತ್ತೇನೆಂದು ಹೊರಟಿದ್ದರು. ವೈನಿ ಅಂದದ್ದು ನಿಜವೆಂದು ಗೊತ್ತಿದ್ದೂ ಒಪ್ಪಿಕೊಂಡೆ. ಮೈಕು ಕಂಡರೆ ನನಗೆ ವಿವೇಕ ಇಳಿದುಹೋಗುತ್ತದೆ.

ಸಮುದಾಯ ಭವನ ತುಂಬಿತ್ತು. 'ಬೇಡ' ಎನ್ನುವವರಿಗೆ ಅಧ್ಯಕ್ಷರ ದನಿ ಕೊಟ್ಟೆ: "ಗೈಸ್, ಬೇಸಿಕಲಿ ನಾವೆಲ್ಲಾ ಎಮೋಷನಲಿ ಒಂದೇ." ಅಧ್ಯಕ್ಷರು ಬಲವಂತವಾಗಿ ನಕ್ಕರು. 'ಬೇಕು' ಎನ್ನುವವರಿಗೆ ಮಾಮಾ ಬಂದರು. ದನಿಯಷ್ಟೇ ಅಲ್ಲ, ಮಾತೂ ಅವರವೇ, ಊಟದ ಹೊತ್ತಿನವು.

"ಅಲ್ರೀ, ಬೆಳಗಾವಿಗೆ ಅಧಿವೇಶನ ಅಂತ ಬರ್ತಾರ. ಬಂದು ಏನ್ ಮಾಡ್ತಾರ? ಕುಂದಾ ತಿಂತಾರ, ಹೊಳ್ಳಿ ಹೊಕ್ಕಾರ. ನಮ್ಮ ಸಾಲಿಗೆ ಗಣಿತದ ಮಾಸ್ತರ ಬೇಕಂತ ಅರ್ಜಿ ಕೊಟ್ರ ಅದು ಬೆಂಗಳೂರಿಗೆ ಹೋಗಿ, ಅಲ್ಲೇ ಸೈಟು ತಗೊಂಡು, ಮನಿ ಕಟ್ಟಿಸ್ಕೊಂಡು ಕುಂದರತೈತಿ! ಹಿಂಗಾದ್ರ ಬ್ಯಾರೆ ರಾಜ್ಯ ಬ್ಯಾಡ ಅನ್ನಾಕ ನಾವೇನು ಕಲ್ಲೇನು?"

ಭವನ ಬಿದ್ದು ಬಿದ್ದು ನಕ್ಕಿತು. ಆ ಗದ್ದಲದಲ್ಲೇ ಊಟದ ಕ್ಯೂ ಶುರುವಾಯಿತು. ಹಿಂದಿನ ಸಾಲು ತಟ್ಟೆಗಾಗಿ ಎದ್ದಿತು. ನಾನು ಉಳಿದವರ ಮುಂದೆ ಮಾಮಾನ ಮಾತು ಮುಗಿಸಿದೆ.

"ಆದ್ರ ತಡೀರಿ. ಬ್ಯಾರೆ ರಾಜ್ಯ ಕೇಳಾಕತ್ತಾಂವ ಯಾರು? ಮಂತ್ರಿ ಆಗಲಾರದಾಂವ. ಒಂದು ರಾಜ್ಯ ಎರಡಾದ್ರ ಮುಖ್ಯಮಂತ್ರಿ ಕುರ್ಚಿ ಎರಡಾಕ್ಕಾವ. ಗಣಿತದ ಮಾಸ್ತರ ಆಗೂ ಬರೂದಿಲ್ಲ. ಇಂವಗ ಟಿಕೆಟ್ ಸಿಗಲಿ, ಆ ಜನಮತದ ಡಬ್ಬಿ ಅಟ್ಟದ ಮ್ಯಾಲ ಒಗದು ಮಕ್ಕೋತಾನ ನೋಡ್ರಿ."

ಆಮೇಲೆ ಮತದಾನ. ಪ್ರೊಜೆಕ್ಟರಿನ ಪರದೆಯ ಹಿಂದೆ ಮೇಜು, ಮೇಜಿನ ಮೇಲೆ ಕೆಂಪು ಪೆನ್ಸಿಲು. ಅಷ್ಟು ಹೊತ್ತು ನಗುತ್ತಿದ್ದವರು ಆ ಪೆನ್ಸಿಲು ಹಿಡಿದ ಕೂಡಲೇ ಬ್ಯಾಂಕಿನ ಲಾಕರು ತೆರೆಯುವವರಂತಾದರು. ಮೈಸೂರಿನ ಒಬ್ಬರು ಹೆಂಡತಿಗೂ ಕಾಣದಂತೆ ಚೀಟಿಗೆ ಅಂಗೈ ಅಡ್ಡ ಹಿಡಿದರು, ಆಕೆ ಗದಗಿನವರು. ಯಾರ ಚೀಟಿ ಯಾರದೆಂದು ಗೊತ್ತಾಗದಿರಲಿ ಎಂದು ಎಲ್ಲರೂ ಒಂದೇ ರೀತಿ ಮಡಚುತ್ತಿದ್ದರು. ತಮಾಷೆಯೊಳಗಿನಿಂದ ಏನೋ ತಣ್ಣಗೆ ಹೊರಬಂದು ನಮ್ಮ ನಡುವೆ ಕುಳಿತಂತೆ ನನಗೆ ಅನಿಸಿತು. ಅಧ್ಯಕ್ಷರು ಚೀಟಿಗಳನ್ನು ಬಿಡಿಸಿ ನೋಡಿದರು, ಮುಖ ಸಪ್ಪಗಾಯಿತು. "ಗೈಸ್, ರಿಸಲ್ಟ್ ಈಸ್ ಸಿಂಬಾಲಿಕ್. ಊಟ ಮಾಡಿ," ಎಂದು, ಲೆಕ್ಕ ಹೇಳದೆಯೇ ಡಬ್ಬಿಯನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡರು.

ಅದಾದ ಒಂದು ವಾರದೊಳಗೆ, ಬೆಸ್ಟ್ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುತ್ತಿದ್ದಾಗ ಅವ್ವನ ಫೋನು ಬಂತು.

"ನಿಮ್ಮ ಮಾಮಾಗ ಏನಾಗೈತೋ ತಮ್ಮಾ? ಬ್ಯಾರೆ ರಾಜ್ಯ ಬೇಕಂತ ಭಾಷಣ ಬಿಗದಾನ. ಊರ ತುಂಬ ಮೊಬೈಲನ್ಯಾಗ ಅದ ಐತಿ. ಇಲಾಖೆ ಆಫೀಸಿಗೆ ಕರದಾರಂತ. ನೌಕರಿ ಹೊಕ್ಕೈತೇನೋ ಅಂತ ನಿಮ್ಮ ಅತ್ತಿ ಅಳಾಕತ್ತಾಳ."

ಅವ್ವ ಕಳಿಸಿದ ಕ್ಲಿಪ್ಪು ಕಿವಿಗಿಟ್ಟೆ. ಮೊದಲು ನಾನೂ ಮಾಮಾ ಎಂದೇ ತಿಳಿದೆ. ಆಮೇಲೆ ಕುರ್ಚಿ ಎಳೆದ ಸದ್ದು, ಹಿಂದೆ ವೈನಿಯ ಮಗಳು ಡಚ್ಚಿನಲ್ಲಿ ಹಸಿವು ಹಸಿವು ಎಂದು ರಾಗ ಎಳೆಯುವುದು ಕೇಳಿಸಿತು. "ನಾವೇನು ಕಲ್ಲೇನು?" ಎಂಬಲ್ಲಿಗೆ ಮುಗಿದುಹೋಗಿತ್ತು. ಹಿಂದಿನ ಸಾಲಿನವರು ಯಾರೋ ರೆಕಾರ್ಡು ಮಾಡುತ್ತಿದ್ದವರು ತಟ್ಟೆ ಹಿಡಿಯಲು ಎದ್ದಿದ್ದರು. ಅರ್ಧ ಭಾಷಣ ಸಂಘದ ವಾಟ್ಸಾಪ್ ಗುಂಪಿಗೆ ಬಿದ್ದು, ಅಲ್ಲಿಂದ ಊರು ಸೇರಿ, ಮುಖಂಡರ ಹುಡುಗರ ಕೈಗೆ ಸಿಕ್ಕಿತ್ತು. "ಹೆಡ್ ಮಾಸ್ತರರೇ ಹೇಳಿದ ಮೇಲೆ ಇನ್ನೇನು? ಡಬ್ಬಿಗೆ ಮತ ಹಾಕಿ," ಎಂದು ಕೆಳಗೆ ಬರೆದಿದ್ದರು. ಅವರ ವಿರೋಧಿಗಳಿಗೂ ಅದೇ ಕ್ಲಿಪ್ಪು ಬೇಕಾಗಿತ್ತು. ಹಿಂದಿನ ಮಗುವಿನ ಮಾತು ಮರಾಠಿಯೆಂದೂ, ಇದರಲ್ಲಿ ಗಡಿಯಾಚೆಯವರ ಕೈವಾಡವಿದೆಯೆಂದೂ ಅವರು ದೂರು ಕೊಟ್ಟಿದ್ದರು.

ನನ್ನ ರೈಲು ಬಂದು ಹೋಯಿತು. ಮಾಮಾಗೆ ಫೋನು ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಪಿಸುಗುಟ್ಟಿದರು.

"ಧ್ವನಿ ನಂದ ಐತೋ. ಮಾತೂ ನಂದ ಅದಾವ. ಯಾವಾಗ ಅಂದೆ, ಎಲ್ಲಿ ಅಂದೆ, ಒಟ್ಟ ನೆನಪಾಗವಲ್ದು. ಮನಿ ಹೊರಗ ನಮ್ಮ ಸಾಲಿ ಡ್ರಿಲ್ ಮಾಸ್ತರನ ಮುಂದ ಬಿಟ್ಟು ಯಾರ ಮುಂದೂ ಅಂದಾಂವಲ್ಲ ನಾ. ಅಂವನ ರೆಕಾರ್ಡ್ ಮಾಡ್ಯಾನ. ಕೂಡಿ ಚಾ ಕುಡಿಯೋ ಗೆಳ್ಯಾ, ಹಿಂಗ ಮಾಡಬಹುದೇನು? ಅಂವನ ಜೋಡಿ ಮಾತು ಬಿಟ್ಟೀನಿ."

"ಮಾಮಾ, ಅದು ನಾನು."

"ಏನು ನೀನು?"

"ಕ್ಲಿಪ್ಪಿನ್ಯಾಗ ಮಾತಾಡಿದ್ದು ನಾನು. ಇಲ್ಲಿ, ರಾಜ್ಯೋತ್ಸವದಾಗ."

"ಹುಚ್ಚನಂಗ ಮಾತಾಡಬ್ಯಾಡ. ನನ್ನ ಉಳಸಾಕ ಸುಳ್ಳ ಹೇಳಬ್ಯಾಡ."

ಪ್ಲಾಟ್‌ಫಾರಮ್ಮಿನ ಗಾಳಿಯಲ್ಲಿ ನಿಂತು ಅವರಿಗೇ ಅವರ ದನಿಯಲ್ಲಿ ಆ ಮಾತು ಹೇಳಿದೆ. ಪಕ್ಕದಲ್ಲಿದ್ದ ಡಚ್ ಅಜ್ಜಿಯೊಬ್ಬರು ತಮ್ಮ ನಾಯಿಯನ್ನು ಹತ್ತಿರ ಎಳೆದುಕೊಂಡರು. ಬೈಗುಳಕ್ಕೆ ಕಾದೆ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹಂಗಾರ," ಎಂದರು ಮಾಮಾ, "ನಾ ಅಂದಿಲ್ಲ? ಖರೇನ? ನನಗ ತಲಿ ಕೆಟ್ಟಿಲ್ಲ?"

ಸಂಜೆ ಅಧ್ಯಕ್ಷರ ಮನೆಗೆ ಓಡಿದೆ. ಸಂಘದ ಕ್ಯಾಮೆರಾದಲ್ಲಿ ಇಡೀ ಭಾಷಣ ಇತ್ತು. ಅದನ್ನು ಕಳಿಸಿದರೆ ಮಾಮಾ ಪಾರು.

"ಡಿಲೀಟ್ ಮಾಡ್ಬಿಟ್ಟೆ ಕಣೋ," ಎಂದರು, ಬಾಗಿಲು ಅರ್ಧವೇ ತೆರೆದು. "ಇಂಥದ್ದೆಲ್ಲ ಹಬ್ಬುತ್ತೆ. ನಮ್ ತಂದೆ-ತಾಯಿ ಬೆಂಗಳೂರಲ್ಲೇ ಇದಾರೆ, ನಾಳೆ ಮನೆ ಮುಂದೆ ಯಾರಾದ್ರೂ ಬಂದ್ರೆ? ನಿಂಗೂ ಹೇಳ್ತೀನಿ, ರೆಸಿಡೆನ್ಸ್ ಪರ್ಮಿಟ್ ಮೇಲೆ ಇರೋನು ನೀನು. ಸಂಘಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಗ್ರೂಪ್‌ನಲ್ಲಿ ಹಾಕ್ಬಿಡು, ಪ್ಲೀಸ್."

"ಐಡಿಯಾ ನಿಮ್ದಲ್ವಾ ಸರ್?"

"ಫನ್‌ಗೆ ಅಂದಿದ್ದೆ," ಎಂದರು. ಚಿಲಕದ ಮೇಲಿಂದ ಕೈ ತೆಗೆಯದೆ ನನ್ನ ಬೆನ್ನ ಹಿಂದಿನ ರಸ್ತೆಯನ್ನು ನೋಡಿದರು. ಅಣಕಿಸಲು ಹೇಳಿ ಮಾಡಿಸಿದಂಥ ಮುಖ. ನನಗೆ ಮನಸ್ಸೇ ಬರಲಿಲ್ಲ.

ಉಳಿದ ಸಾಕ್ಷಿ ಎಂದರೆ ನನ್ನ ಗಂಟಲೊಂದೇ. ಮಾಮಾನನ್ನು ವಿಚಾರಿಸುತ್ತಿದ್ದ ಶಿಕ್ಷಣ ಇಲಾಖೆಯ ಅಧಿಕಾರಿಗಳು ವೀಡಿಯೋ ಕರೆಗೆ ಒಪ್ಪಿದರು. ನಮಗೆ ಬೆಳಗು, ಅವರಿಗೆ ಮಧ್ಯಾಹ್ನ. ವೈನಿ ಅಡುಗೆಮನೆಯ ಮೇಜು ಒರೆಸಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದರು. ಮಗಳನ್ನು ಶಾಲೆಗೆ ಬೇಗನೇ ಅಟ್ಟಿದ್ದರು.

ಪರದೆಯಲ್ಲಿ ಅಧಿಕಾರಿ ಕಂಡರು. ಅವರ ಎದುರು ಕುರ್ಚಿಯ ತುದಿಯಲ್ಲಿ ಮಾಮಾ ಕುಳಿತಿದ್ದರು, ಎರಡೂ ಅಂಗೈ ಮೊಣಕಾಲ ಮೇಲೆ. ನಾನು ಕಂಡ ಮಾಮಾ ಯಾವಾಗಲೂ ಕುರ್ಚಿ ತುಂಬ ಕೂರುತ್ತಿದ್ದರು.

"ಹೂಂ, ಮಾಡಪಾ," ಎಂದರು ಅಧಿಕಾರಿ.

ಬಾಯಿ ತೆರೆದೆ. ಬಂದದ್ದು ನನ್ನದೇ ದನಿ, ತೆಳ್ಳಗೆ, ಬಟ್ಟೆ ಹರಿದಂತೆ. ಮತ್ತೆ ಯತ್ನಿಸಿದೆ. ಇನ್ನೂ ತೆಳ್ಳಗಾಯಿತು.

"ಇದೆಂಥಾ ಮಿಮಿಕ್ರಿ ಸರ?" ಅಧಿಕಾರಿ ಮಾಮಾನ ಕಡೆ ತಿರುಗಿದರು. "ಅಳಿಯನ್ನ ಮುಂದ ಮಾಡಿ ಪಾರಾಗಾಕ ನೋಡಾಕತ್ತೀರೇನು?"

ಮಾಮಾ ತಲೆ ತಗ್ಗಿಸಿದರು. ಬಡವರ ಮಕ್ಕಳ ಪರ ಇದೇ ಆಫೀಸಿಗೆ ಬಂದು ಜೋರು ಮಾಡುತ್ತಿದ್ದ ಮನುಷ್ಯ.

ವೈನಿ ಕ್ಯಾಮೆರಾಗೆ ಕಾಣದಂತೆ ನನ್ನ ಬೆನ್ನಿಗೆ ಗುದ್ದಿದರು. "ದಿನಾ ನನ್ನ ಅಣಕಸ್ತಿ. ಈಗೇನು ದಾಡಿ ಬಾಯಿಗೆ? ಅವ್ರನ್ನ ನೋಡಬ್ಯಾಡ. ಕಣ್ ಮುಚ್ಚು."

ಕಣ್ಣು ಮುಚ್ಚಿದೆ. ಆ ತಗ್ಗಿದ ತಲೆ ಮರೆಯಾಯಿತು. ರೊಟ್ಟಿ ಮುರಿಯುವ ಕೈ ಕಂಡಿತು, ಬೆಳಗಾವಿಯ ಕುಂದಾ ಬಂತು, ಬೆಂಗಳೂರಿನಲ್ಲಿ ಮನೆ ಕಟ್ಟಿಸಿಕೊಂಡ ಅರ್ಜಿ ಬಂತು. ಆ ಕಡೆ ಯಾರೋ, ಬಹುಶಃ ಜವಾನ, ಕಿಸಕ್ಕನೆ ನಕ್ಕಿದ್ದು ಕೇಳಿಸಿತು. "ಅಯ್ಯ ಇವನೌನ!" ಎಂದರು ಅಧಿಕಾರಿ. "ಎಐ ಇರಬೇಕಂತ ನಾ ವರದಿ ಬರೀಬೇಕಂದಿದ್ದೆ." ಮಾಮಾನನ್ನು ಉಳಿಸಿದ್ದಕ್ಕಿಂತ ಯಂತ್ರವನ್ನು ಸೋಲಿಸಿದೆನೆಂದು ಹಿಗ್ಗಿದ ನನ್ನ ಮೂರ್ಖತನಕ್ಕೆ ಏನನ್ನಲಿ? ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮಾಮಾ ರಾಜ್ಯ ಒಡೆಯುವ ಮನುಷ್ಯರಲ್ಲ ಎಂದು ತೋರಿಸಬೇಕಿತ್ತು. ಉಳಿದರ್ಧವನ್ನೂ ಹೇಳಿದೆ. ಮಂತ್ರಿ ಆಗಲಾರದವನು, ಎರಡು ಕುರ್ಚಿ, ಅಟ್ಟದ ಮೇಲಿನ ಡಬ್ಬಿ.

ಕಣ್ಣು ತೆರೆದಾಗ ನಗು ಇರಲಿಲ್ಲ. ಅಧಿಕಾರಿ ಎದ್ದು ಹೋಗಿ, ಜವಾನನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ ಬಂದರು.

"ತಮ್ಮಾ, ಈ ಕಡೀದು ಯಾರ‍್ಯಾರು ಕೇಳ್ಯಾರ?"

"ಭವನದಾಗಿದ್ದವರು ಸರ್. ಊಟಕ್ಕ ಏಳದೇ ಇದ್ದವರು."

"ರೆಕಾರ್ಡು?"

"ಇಲ್ಲ ಸರ್. ಡಿಲೀಟ್ ಆಗೈತಿ."

"ಪುಣ್ಯ." ಅವರು ಮಾಮಾನ ಹತ್ತಿರಕ್ಕೆ ಬಾಗಿದರು. ದನಿ ತಗ್ಗಿತು. "ಸರ, ಮೊದಲಿನ ಅರ್ಧಕ್ಕ ನೋಟಿಸು ಬರ್ತಿತ್ತು. ಹುಡುಗ್ರ ಮಿಮಿಕ್ರಿ ಅಂತ ಬರದು ನಾ ಅದನ್ನ ನಿಲ್ಲಸ್ತೀನಿ. ಈ ಅರ್ಧಕ್ಕ ನೋಟಿಸು ಬರೂದಿಲ್ಲ. ಡಬ್ಬಿ ಇಟ್ಟವ್ರ ಮಂದಿ ಬರ್ತಾರ. ಅದನ್ನ ನಾ ನಿಲ್ಲಸಾಕ ಆಗೂದಿಲ್ಲ. ನಾನೂ ಕೇಳಿಲ್ಲ, ನೀವೂ ಅಂದಿಲ್ಲ."

"ನಾ ಅಂದಿಲ್ರಿ," ಎಂದರು ಮಾಮಾ. ಸಾಲಿ ಹುಡುಗನ ಹಾಗೆ.

ನೌಕರಿ ಉಳಿಯಿತು. ಅವ್ವ ದೇವರಿಗೆ ಕಾಯಿ ಒಡೆಸಿದಳು. ಡ್ರಿಲ್ ಮಾಸ್ತರರು ತಾವಾಗಿಯೇ ಚಹಾಕ್ಕೆ ಕರೆದರಂತೆ. ಮಾಮಾ ಹೋಗಿ, ಕುಡಿದು, ಹವಾಮಾನದ ಬಗ್ಗೆ ಮಾತಾಡಿ ಬಂದರಂತೆ. ಮುಖಂಡರ ಹುಡುಗರು ಬೇರೆ ಯಾವುದೋ ಕ್ಲಿಪ್ಪು ಹಿಡಿದುಕೊಂಡು ಹೊರಟರು. ಇಲ್ಲಿ ಅಧ್ಯಕ್ಷರು ಅವಿರೋಧವಾಗಿ ಗೆದ್ದರು, ಏಕೆಂದರೆ ಉತ್ತರದವರು ಯಾರೂ ನಿಲ್ಲಲೇ ಇಲ್ಲ. ಯಾಕೆಂದು ಕೇಳಿದರೆ, "ಯಾಕ ಬೇಕ್ರೀ ಸುಮ್ನ," ಎನ್ನುತ್ತಾರೆ ಎಲ್ಲರೂ, ಒಬ್ಬೊಬ್ಬರಾಗಿ.

ಮೊನ್ನೆ ಮಾಮಾ ತಾವೇ ಫೋನು ಮಾಡಿದರು. ನಾನು ಖುಷಿಯಿಂದ, "ಮಾಮಾ, ಊಟ ಆತೇನ್ರಿ?" ಎಂದೆ.

"ಆಯಿತು. ಮಧ್ಯಾಹ್ನ ರೊಟ್ಟಿಯನ್ನು ಸೇವಿಸಿದೆವು," ಎಂದರು ಮಾಮಾ. ಪ್ರತಿ ಅಕ್ಷರ ಸ್ವಚ್ಛ, ಆಕಾಶವಾಣಿಯ ವಾರ್ತೆಯಂತೆ. "ಇಲ್ಲಿ ಎಲ್ಲರೂ ಆರೋಗ್ಯದಿಂದ ಇದ್ದೇವೆ. ಶಾಲೆಯ ಕೆಲಸಗಳು ಸುಗಮವಾಗಿ ನಡೆಯುತ್ತಿವೆ."

ಮೊದಲು ನನ್ನಂತೆ ಯಾರನ್ನೋ ಅಣಕಿಸುತ್ತಿದ್ದಾರೆಂದು ನಕ್ಕೆ. ಅವರು ನಗಲಿಲ್ಲ. ಯಾರು ಕೇಳುತ್ತಿದ್ದರೂ ಎಲ್ಲಿಂದಲೂ ಕತ್ತರಿಸಲಾಗದಂಥ ವಾಕ್ಯಗಳನ್ನೇ ಆರಿಸಿ ಆರಿಸಿ ಇಡುತ್ತಿದ್ದರು.

"ಗಣಿತದ ಮಾಸ್ತರ ಬಂದ್ರೇನ್ರಿ ಮಾಮಾ?"

ಆ ಕಡೆ ಬಾಗಿಲು ಹಾಕಿದ ಸದ್ದು ಕೇಳಿಸಿತು.

"ಆ ವಿಷಯದಲ್ಲಿ ನನಗೆ ಯಾವುದೇ ಅಭಿಪ್ರಾಯವಿಲ್ಲ," ಎಂದರು.

ಅಡುಗೆಮನೆಯಲ್ಲಿ ವೈನಿ ಕೈಸನ್ನೆಯಿಂದ ಏನಾಯಿತೆಂದು ಕೇಳುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ಬಹಳ ಸಂತೋಷ. ನಾವೂ ಇಲ್ಲಿ ಕ್ಷೇಮವಾಗಿದ್ದೇವೆ. ಚಳಿ ಸ್ವಲ್ಪ ಹೆಚ್ಚಾಗಿದೆ," ಎಂದೆ ಅದೇ ಕನ್ನಡದಲ್ಲಿ. ಅಣಕಿಸಲು ಅಲ್ಲ.